ಧಾರಾವಾಹಿಯ ಸೊಸೆಗೆ ಕಿವಿ ಬಂದ ಸಂಜೆ

ಟೀವಿಯಲ್ಲಿ ಕಿವುಡರ ಪಾತ್ರ ಬಂತೆಂದರೆ ಉಳಿದವರಿಗೆ ಕಣ್ಣೀರು ಬರುತ್ತದೆ, ನನಗೆ ಅನುಮಾನ ಬರುತ್ತದೆ. ಸಂತೆಯಲ್ಲಿ ಬದನೆಕಾಯಿ ತಿರುಗಿಸಿ ತಿರುಗಿಸಿ ಹುಳುಕು ಹುಡುಕುವವಳ ಹಾಗೆ ಕುರ್ಚಿ ಮುಂದಕ್ಕೆಳೆದುಕೊಂಡು ಕೂರುತ್ತೇನೆ. ಎಲ್ಲಿಟ್ಟಿದ್ದಾರೆ ಮೋಸ? ಬಹಳ ಹೊತ್ತು ಹುಡುಕಬೇಕಾಗುವುದಿಲ್ಲ. ಆ ಹುಡುಗಿ ಬೆನ್ನು ತಿರುಗಿಸಿ ನಿಂತಿರುತ್ತಾಳೆ, ಹಿಂದಿನಿಂದ ಗಂಡ ಏನೋ ಹೇಳುತ್ತಾನೆ, ಅವಳ ಕಣ್ಣು ತುಂಬುತ್ತದೆ. ಅಲ್ಲಾ ಸ್ವಾಮಿ, ಬೆನ್ನಿಗೆ ಕಣ್ಣಿದೆಯೇ? ಇನ್ನೊಂದರಲ್ಲಿ ತಲೆಗೆ ಪೆಟ್ಟು ಬಿದ್ದ ಕೂಡಲೇ ಮಾತು ಬಂದುಬಿಡುತ್ತದೆ. ಹುಟ್ಟಿದಾಗಿನಿಂದ ಒಂದು ಪದ ಕೇಳದವಳು ಎದ್ದು ಕೂತು ಅಚ್ಚುಕಟ್ಟಾದ ಪಟ್ಟಣದ ಕನ್ನಡದಲ್ಲಿ ಅತ್ತೆಯನ್ನು ಕ್ಷಮಿಸುತ್ತಾಳೆ! ಇನ್ನು ಕೈಮಾತೋ, ಬಳೆ ಅಂಗಡಿಯ ಜಾಹೀರಾತು. ಈಚೆಗೊಂದರಲ್ಲಿ ನಿಜವಾದ ಕಿವುಡ ಹುಡುಗಿಯೇ ನಟಿಸಿದ್ದಾಳೆ ಅಂದರು. ನೋಡಿದೆ. ಕೈ ಸೊಗಸಾಗಿತ್ತು, ಒಪ್ಪಿದೆ. ಆದರೆ ಅವಳು ಮುಖ್ಯವಾದ ಮಾತು ಶುರು ಮಾಡುವ ಹೊತ್ತಿಗೆ ಕ್ಯಾಮೆರಾ ಅವಳ ಕಣ್ಣಿನ ಹತ್ತಿರ ಹೋಗಿ ನಿಂತಿತು. ಆಡುತ್ತಿದ್ದ ಕೈ ಚೌಕಟ್ಟಿನ ಹೊರಗುಳಿಯಿತು. ಮಾತನಾಡುವವಳ ಬಾಯಿಗೆ ಬಟ್ಟೆ ತುರುಕಿ, ಎಷ್ಟು ಚೆನ್ನಾಗಿ ಅಳುತ್ತಾಳೆ ನೋಡಿ ಎಂದ ಹಾಗಾಯಿತು. ಎದ್ದು ಹೋಗಿ ಟೀವಿ ಆರಿಸಿದೆ.

ಈ ಗುಮಾನಿ ನನಗೆ ಪುಸ್ತಕ ಓದಿ ಬಂದದ್ದಲ್ಲ. ನಮ್ಮಮ್ಮ ಹುಟ್ಟು ಕಿವುಡಿ. ನನಗೆ ಇನ್ನೂ ಹತ್ತು ತುಂಬದಿದ್ದಾಗ ಟೀವಿಯ ಒಂದು ಸುಳ್ಳು ನಮ್ಮ ಪಡಸಾಲೆಗೆ ಬಂದು ಕೂತಿತು. ಅಮ್ಮ ಬಟ್ಟೆ ಕಟ್ಟಿಕೊಂಡು ಮನೆ ಬಿಟ್ಟು ಹೋಗುತ್ತೇನೆನ್ನುವವರೆಗೆ ಅದು ಮೇಲೇಳಲಿಲ್ಲ. ಅವತ್ತಿನಿಂದ ನಾನು ಯಾರ ಅಯ್ಯೋ ಪಾಪವನ್ನೂ ಹಾಗೇ ನಂಬಿದವಳಲ್ಲ.

ನಮ್ಮ ಮನೆ ಇದ್ದದ್ದು ನೊಣವಿನಕೆರೆಯಿಂದ ತಿಪಟೂರಿಗೆ ಹೋಗುವ ದಾರಿಯಲ್ಲಿ, ತೋಟದ ಅಂಚಿಗೆ. ಹೆಂಚಿನ ಮನೆ. ಮುಂದೆ ಪಡಸಾಲೆ, ಆಮೇಲೆ ನಡುಮನೆ, ಅಡುಗೆಮನೆ, ಮೇಲೆ ಉದ್ದಕ್ಕೂ ಅಟ್ಟ. ಕೆಳಗೆ ನಾವಿದ್ದೆವು, ಮೇಲೆ ತೆಂಗಿನಕಾಯಿ ಇತ್ತು. ನಮಗಿಂತ ಕಾಯಿಗೇ ಜಾಗ ಜಾಸ್ತಿ. ನಮ್ಮ ಕಡೆ ಕಿತ್ತ ಕಾಯಿಯನ್ನು ಆಗಲೇ ಒಡೆಯುವುದಿಲ್ಲ, ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಬಿಡುತ್ತೇವೆ. ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಆಗ ಕಾಯಿ ಇಳಿಸಿ, ಸುಲಿದು, ಒಂದೊಂದನ್ನೂ ಅಲ್ಲಾಡಿಸಿ ನೋಡಬೇಕು. ಒಳಗೆ ಗಡಗಡ ಅಂದರೆ ಉಂಡೆ ಬಿಟ್ಟಿದೆ ಎಂದರ್ಥ, ಚಿಪ್ಪು ಒಡೆಯಬಹುದು. ಸದ್ದಿಲ್ಲದಿದ್ದರೆ ಇನ್ನೂ ಅಂಟಿಕೊಂಡಿದೆ, ಈಗ ಒಡೆದರೆ ಉಂಡೆ ಹೋಳಾಗುತ್ತದೆ, ಆ ಹೋಳನ್ನು ತಿಪಟೂರಿನ ಮಂಡಿಯಲ್ಲಿ ಯಾರೂ ಮೂಸುವುದಿಲ್ಲ. ಈ ಅಲ್ಲಾಡಿಸಿ ಬೇರೆ ಮಾಡುವ ಕೆಲಸ ನಮ್ಮ ಮನೆಯಲ್ಲಿ ಅಮ್ಮನದು. ಮದುವೆಯಾಗಿ ಬಂದ ಮೊದಲ ವರ್ಷದಿಂದ ಅವಳದೇ. ಒಡೆಯುವ ಕಾಯಿ ಬಲಕ್ಕೆ, ಮತ್ತೆ ಅಟ್ಟಕ್ಕೆ ಹೋಗುವ ಕಾಯಿ ಎಡಕ್ಕೆ ಹೋಗುತ್ತಿದ್ದವು. ಅಜ್ಜಿ ಅದನ್ನು ಕೇರಿಯಲ್ಲೆಲ್ಲ ಹೇಳಿಕೊಂಡು ಬರುತ್ತಿದ್ದಳು.

"ನಮ್ ಮೂಗಿ ಕೈಗೆ ಕೊಟ್ಬುಡ್ರಿ, ಒಂದು ಕಾಯೂ ತಪ್ಪಕ್ಕಿಲ್ಲ."

ಕಿವಿ ಕೇಳದವಳು ಕಾಯಿಯ ಸದ್ದು ಹೇಗೆ ಹಿಡಿಯುತ್ತಾಳೆ ಎಂಬ ಪ್ರಶ್ನೆ ಅಷ್ಟು ವರ್ಷ ಯಾರಿಗೂ ಹೊಳೆಯಲಿಲ್ಲ. ಕೆಲಸ ಆಗುತ್ತಿತ್ತು, ಕೇಳುವವರಿರಲಿಲ್ಲ.

ಅಜ್ಜಿ ಎಂದರೆ ಅಪ್ಪನ ತಾಯಿ. ಬೆಳಗ್ಗೆ ಎದ್ದು ತಣ್ಣೀರು ಸ್ನಾನ, ಹಣೆಗೆ ಮೂರು ಬೆರಳಿನ ವಿಭೂತಿ, ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜೆ. ಅಷ್ಟು ಹೊತ್ತು ಮಾತ್ರ ಅವಳ ಬಾಯಿಗೆ ವಿಶ್ರಾಂತಿ. ಕಣ್ಣಿಗೊತ್ತಿಕೊಂಡು ಎದ್ದಳೆಂದರೆ ರಾತ್ರಿ ಮಲಗುವವರೆಗೆ ಮಾತು. ಅದರಲ್ಲಿ ಅರ್ಧ ಮಾತು ಅಮ್ಮನ ಮೇಲೆ, ಅಮ್ಮನ ಎದುರಿಗೇ. ಅಮ್ಮ ಒಲೆ ಮುಂದೆ ಮುದ್ದೆ ತೊಳಸುತ್ತಿದ್ದರೆ ಅಜ್ಜಿ ಎರಡು ಮೊಳ ದೂರದಲ್ಲಿ ಕೂತು ಪಕ್ಕದ ಮನೆಯ ಗಂಗಕ್ಕನಿಗೆ ಸೊಸೆಯ ಪುರಾಣ ಹೇಳುತ್ತಿದ್ದಳು. ಮಾಯಸಂದ್ರದ ಕಡೆಯಿಂದ ಎಂಥಾ ಹೆಣ್ಣು ಬಂದಿತ್ತು, ಹಾಡು ಹೇಳುತ್ತಿತ್ತು, ನನ್ನ ಮಗ ಹಟ ಹಿಡಿದು ಶೆಟ್ಟಿಕೆರೆಯ ಮೂಗಿಯನ್ನೇ ತಂದ, ನನ್ನ ಹಣೆಬರಹ. ಗಂಗಕ್ಕ ಒಮ್ಮೊಮ್ಮೆ ಮುಜುಗರಪಟ್ಟು ಅಮ್ಮನ ಕಡೆ ನೋಡಿದರೆ ಅಜ್ಜಿ ಕೈ ಬೀಸುತ್ತಿದ್ದಳು.

"ಅವಳಿಗೇನು ಕೇಳ್ತೈತಾ, ನೀನು ಹೇಳು ಸುಮ್ಕೆ."

ನನಗೆ ಕೇಳುತ್ತಿತ್ತು. ಅದನ್ನು ಯಾರೂ ಲೆಕ್ಕಕ್ಕಿಟ್ಟಿರಲಿಲ್ಲ. ತಟ್ಟೆ ಹಿಡಿದು ಇಬ್ಬರ ಮಧ್ಯೆ ಕೂತ ನಾನು ಅಜ್ಜಿಯ ಮಾತನ್ನು ನುಂಗುತ್ತಿದ್ದೆ, ಅಮ್ಮ ಬಡಿಸಿದ್ದನ್ನೂ ನುಂಗುತ್ತಿದ್ದೆ. ಅಮ್ಮ ಕಣ್ಣಲ್ಲೇ ಏನು ಅಂತಾಳೆ ಎಂದು ಕೇಳಿದರೆ, ಸಾರು ಚೆನ್ನಾಗಿದೆಯಂತೆ ಎಂದು ಕೈಯಲ್ಲಿ ಹೇಳುತ್ತಿದ್ದೆ. ಅಪ್ಪ ಮಾತು ಕಮ್ಮಿಯ ಮನುಷ್ಯ. ತೋಟ, ಕೊಬ್ಬರಿ, ಮಂಡಿ. ಅಮ್ಮನ ಜೊತೆ ಅವನದು ಹರಕುಮುರುಕು ಕೈಮಾತು. ಉಣ್ಣುವುದು, ಹೋಗುವುದು, ಬರುವುದು, ದುಡ್ಡು, ಜ್ವರ, ಇಷ್ಟಕ್ಕೆ ಸಾಲುತ್ತಿತ್ತು. ಅದರಾಚೆಗೆ ಇಬ್ಬರೂ ನನ್ನ ಮುಖ ನೋಡುತ್ತಿದ್ದರು.

ಅಮ್ಮನ ನಿಜವಾದ ಮಾತು ಕೇಳಬೇಕಾದರೆ ಶಾರದಕ್ಕ ಬರಬೇಕಿತ್ತು. ಕಿವುಡ ಮಕ್ಕಳ ಹಾಸ್ಟೆಲಿನಲ್ಲಿ ಅಮ್ಮನ ಜೊತೆ ಓದಿದವಳು, ಈಗ ತುರುವೇಕೆರೆಯಲ್ಲಿ ಗಂಡನೊಂದಿಗೆ ಹೊಲಿಗೆ ಅಂಗಡಿ ಇಟ್ಟಿದ್ದಳು. ಅವಳು ಬಂದ ದಿನ ಅಡುಗೆಮನೆಯಲ್ಲಿ ನಾಲ್ಕು ಕೈ ಒಂದೇ ಸಮ ಆಡುತ್ತಿದ್ದವು. ಬಾಯಲ್ಲಿ ತುತ್ತಿದ್ದರೂ ಮಾತು ನಿಲ್ಲುತ್ತಿರಲಿಲ್ಲ, ಮಾತು ಬಾಯಲ್ಲಿ ಇರಲಿಲ್ಲವಲ್ಲ! ದೀಪದ ಕೆಳಗೆ, ಮುಖಕ್ಕೆ ಬೆಳಕು ಬೀಳುವ ಹಾಗೆ ಎದುರುಬದುರು ಕೂರುತ್ತಿದ್ದರು. ಕರೆಂಟು ಹೋದರೆ ಇಬ್ಬರೂ ಕೆಇಬಿಯವರನ್ನು ಬೈದುಕೊಂಡು ಅಂಗಳಕ್ಕೆ ಓಡುತ್ತಿದ್ದರು. ಊರಲ್ಲಿ ಯಾರಿಗೂ ಅಪ್ಪ ಅಮ್ಮ ಇಟ್ಟ ಹೆಸರು ಅವರ ಮಾತಿನಲ್ಲಿ ಇರಲಿಲ್ಲ, ಅವರೇ ಇಟ್ಟ ಹೆಸರಿತ್ತು. ಗಲ್ಲದ ಮೇಲೆ ಬೆರಳಿಟ್ಟರೆ ನಾನು, ಅಲ್ಲಿ ನನಗೊಂದು ಮಚ್ಚೆ. ಸೊಂಟದ ಮೇಲೆ ಕೈ ಇಟ್ಟು ಗಲ್ಲ ಎತ್ತಿದರೆ ಅಜ್ಜಿ. ಶಾರದಕ್ಕನನ್ನು ಬಸ್ಸು ಹತ್ತಿಸಲು ಹೋದರೆ ಅರ್ಧ ಮಾತು ಬಸ್ಸು ಹತ್ತಿದ ಮೇಲೇ. ಉಳಿದವರು ಕಿಟಕಿಯಲ್ಲಿ ಕತ್ತು ತೂರಿ ಅರಚುತ್ತಿದ್ದರೆ ಇವರಿಬ್ಬರು ಮುಚ್ಚಿದ ಗಾಜಿನ ಆಚೆ ಈಚೆ ಆರಾಮಾಗಿ ಹರಟುತ್ತಿದ್ದರು. ಬಸ್ಸು ಹೊರಟು ತಿರುವು ದಾಟುವವರೆಗೆ ಹರಟೆ ನಡೆಯುತ್ತಿತ್ತು. ಇದನ್ನೆಲ್ಲ ನಾನು ಯಾವ ಧಾರಾವಾಹಿಯಲ್ಲೂ ಕಂಡಿಲ್ಲ. ಅಲ್ಲಿ ಕಿವುಡರು ಯಾವಾಗಲೂ ಒಬ್ಬರೇ ಇರುತ್ತಾರೆ, ಸುತ್ತ ಪಿಟೀಲು ಅಳುತ್ತಿರುತ್ತದೆ.

ಆ ವರ್ಷ ಸಂಜೆ ಹೊತ್ತಿಗೆ ಬರುತ್ತಿದ್ದ ಧಾರಾವಾಹಿಯಲ್ಲಿ ಒಬ್ಬ ಕಿವುಡಿ ಸೊಸೆ ಇದ್ದಳು. ದೊಡ್ಡ ಬಂಗಲೆ, ಎದ್ದ ಕೂಡಲೇ ಒಡವೆ ಹಾಕಿಕೊಳ್ಳುವ ಜನ. ಮನೆಯವರೆಲ್ಲ ಅವಳ ಎದುರಿಗೇ ಆಸ್ತಿ, ವಿಷ, ಮೋಸ ಮಾತಾಡುತ್ತಿದ್ದರು. ಅಜ್ಜಿಗೆ ಅದೆಂದರೆ ಪ್ರಾಣ. ಗಂಗಕ್ಕನೂ ಬರುತ್ತಿದ್ದಳು. ಅಮ್ಮ ಬಾಗಿಲಿಗೊರಗಿ ಕೂತು, ಸದ್ದಿಲ್ಲದ ಚಿತ್ರ ನೋಡಿ, ತನ್ನದೇ ಕತೆ ಕಟ್ಟಿಕೊಳ್ಳುತ್ತಿದ್ದಳು. ಆ ನಟಿಯನ್ನು ಕಂಡರೆ ಅವಳಿಗೆ ನಗು. ಅವಳ ಕೈ ತೊದಲುತ್ತದೆ ಎಂದು ಶಾರದಕ್ಕನಿಗೆ ಅಣಕಿಸಿ ತೋರಿಸುತ್ತಿದ್ದಳು. ಹೀಗೆ ಒಂದೇ ಪಡಸಾಲೆಯಲ್ಲಿ ಎರಡು ಧಾರಾವಾಹಿ ನಡೆಯುತ್ತಿತ್ತು, ಅಜ್ಜಿಯದೊಂದು, ಅಮ್ಮನದೊಂದು.

ಒಂದು ಸಂಜೆ ಆ ಸೊಸೆ ಕನ್ನಡಿಯ ಮುಂದೆ ನಿಂತು, ಇದ್ದಕ್ಕಿದ್ದ ಹಾಗೆ ಬಾಯಿ ಬಿಟ್ಟಳು. ನನಗೆ ಎಲ್ಲ ಕೇಳುತ್ತದೆ, ಮೊದಲ ದಿನದಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದೇನೆ, ಒಬ್ಬೊಬ್ಬರನ್ನೂ ಬಿಡುವುದಿಲ್ಲ ಎಂದಳು. ಢಣ್ ಎಂದು ಸಂಗೀತ ಹೊಡೆಯಿತು. ಸೋಪಿನ ಜಾಹೀರಾತು ಬಂತು. ಗಂಗಕ್ಕ ಎದೆ ಮೇಲೆ ಕೈ ಇಟ್ಟುಕೊಂಡು ಅಯ್ಯಯ್ಯೋ ಎಂದಳು. ಅಜ್ಜಿ ಮೆಲ್ಲಗೆ ಕತ್ತು ತಿರುಗಿಸಿ ಬಾಗಿಲಿಗೊರಗಿ ಕೂತಿದ್ದ ಅಮ್ಮನನ್ನು ನೋಡಿದಳು. ಆ ನೋಟ ನನಗೆ ಇವತ್ತಿಗೂ ಇಷ್ಟವಿಲ್ಲ. ಅಮ್ಮ ಪಾಪ, ಏನು ಬೇಕು ಎಂದು ಕೈಯಲ್ಲಿ ಕೇಳಿದಳು. ಅಜ್ಜಿ ಸೆರಗು ಎಳೆದುಕೊಂಡು ಬೇರೆ ಕಡೆ ನೋಡಿದಳು.

ಮಾರನೆಯ ದಿನದಿಂದ ಮನೆಯ ಹವೆ ಬದಲಾಯಿತು. ಅಮ್ಮ ಬೆನ್ನು ಹಾಕಿ ತರಕಾರಿ ಹೆಚ್ಚುವಾಗ ಅಜ್ಜಿ ಹಿತ್ತಾಳೆ ಕೊಡವನ್ನು ಬೇಕಂತಲೇ ನೆಲಕ್ಕೆ ಬಿಟ್ಟಳು. ಅಮ್ಮ ಸರಕ್ಕನೆ ತಿರುಗಿದಳು. ಕಲ್ಲುಚಪ್ಪಡಿಯ ನೆಲ, ತುಂಬಿದ ಕೊಡ, ಕೂತವಳ ಕಾಲಿಗೆ ಅದು ತಾಗದೆ ಇರುತ್ತದೆಯೇ? ಅಜ್ಜಿಗೆ ಅದೆಲ್ಲ ಬೇಡ, ಸೊಸೆ ತಿರುಗಿದ್ದಷ್ಟೇ ಸಾಕು. ಗಂಗಕ್ಕ ಬಂದ ಕೂಡಲೇ ವರದಿ ಹೋಯಿತು. ಗಂಗಕ್ಕ ತನ್ನದೂ ಒಂದನ್ನು ಸೇರಿಸಿದಳು. ಮೊನ್ನೆ ಕುಕ್ಕರ್ ಕೂಗಿದಾಗ ಮೂಗಿ ಓಡಿ ಬಂದು ಒಲೆ ಆರಿಸಿದ್ದು ಹೇಗೆ? ಹಬೆ ಕಂಡು ಅಮ್ಮಾ ತಾಯಿ, ಹಬೆ ಕಂಡು! ನಾನು ಹೇಳಿದೆ. ನನ್ನ ಮಾತನ್ನು ಯಾರು ಕೇಳುತ್ತಾರೆ, ನಾನು ಆ ಕಡೆಯವಳು.

ಅಜ್ಜಿಯ ಭಯ ಏನೆಂದು ನನಗೆ ಆಗ ಪೂರ್ತಿ ತಿಳಿಯದಿದ್ದರೂ ವಾಸನೆ ಹತ್ತಿತ್ತು. ಸೊಸೆಗೆ ಕೇಳುತ್ತದೆಯೋ ಇಲ್ಲವೋ ಎಂಬುದು ಅವಳಿಗೆ ಮುಖ್ಯವಲ್ಲ. ಕೇಳುವುದಾದರೆ, ಇಷ್ಟು ವರ್ಷ ಎರಡು ಮೊಳ ದೂರದಲ್ಲಿ ಕೂತು ತಾನು ಆಡಿದ್ದೆಲ್ಲ ಎಲ್ಲಿಗೆ ಹೋಯಿತು? ಅದು ಅವಳ ನಿದ್ದೆ ಕೆಡಿಸಿತು. ಒಂದು ಮಧ್ಯಾಹ್ನ ನನ್ನನ್ನು ದೇವರ ಕೋಣೆಗೆ ಎಳೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದಳು.

"ಸಿವನಾಣೆ ಮಾಡಿ ಹೇಳು. ನಿಮ್ಮಮ್ಮಂಗೆ ಕಿವಿ ಕೇಳ್ತೈತಾ ಇಲ್ವಾ?"

"ಇಲ್ಲ ಅಜ್ಜಿ."

"ನೀನೂ ಅವಳ ಜೊತೆ ಸೇರ್ಕೊಂಡಿದ್ದೀಯ."

ಅಷ್ಟು ಹೇಳಿ ನನ್ನ ಹಣೆಗೆ ವಿಭೂತಿ ಇಟ್ಟು ಕಳಿಸಿದಳು. ನನಗೆ ಎಷ್ಟು ರೋಷ ಬಂತೆಂದರೆ ಹಿತ್ತಲಿಗೆ ಹೋಗಿ ಅದನ್ನು ಒರೆಸಿ ಹಾಕಿದೆ.

ಅಷ್ಟರಲ್ಲಿ ಅಟ್ಟದಿಂದ ಕಾಯಿ ಇಳಿಸುವ ಕಾಲ ಬಂತು. ಅಂಗಳದಲ್ಲಿ ಸುಲಿದ ಕಾಯಿ ಗುಡ್ಡೆ ಬಿತ್ತು. ಅಪ್ಪ ಮಚ್ಚು ಹಿಡಿದು ಚಿಪ್ಪು ಒಡೆಯಲು ಕೂತ. ಅಮ್ಮ ಎಂದಿನಂತೆ ಗುಡ್ಡೆಯ ಪಕ್ಕ ಕೂತು, ಕಾಯಿ ಎತ್ತಿ, ಎರಡು ಅಂಗೈಯಲ್ಲಿ ಹಿಡಿದು, ಅಲ್ಲಾಡಿಸಿ, ಬಲಕ್ಕೆ ಎಡಕ್ಕೆ ಹಾಕತೊಡಗಿದಳು. ಜಗಲಿಯ ಮೇಲೆ ಕೂತಿದ್ದ ಅಜ್ಜಿ ನೋಡುತ್ತಲೇ ಇದ್ದಳು. ಆಮೇಲೆ ಎದ್ದು ನಿಂತು ಸೊಂಟದ ಮೇಲೆ ಕೈ ಇಟ್ಟಳು.

"ನೋಡ್ಲಾ, ನೋಡ್ಲಾ ಮಗನೇ! ಗಡಗಡ ಅನ್ನೋದು ಕೇಳ್ದಲೆ ಇವಳು ಹೆಂಗ್ಲಾ ಕಾಯಿ ಬೇರೆ ಮಾಡ್ತಾಳೆ? ಇಷ್ಟು ವರ್ಷ ಕಣ್ಣ ಮುಂದೆ ಇತ್ತು, ನಮ್ಮ ಬುದ್ಧಿಗೆ ಮಣ್ಣು ಬಿದ್ದಿತ್ತು."

"ನಿಂಗೆ ತಲೆ ಕೆಟ್ಟೈತಾ ಅವ್ವಾ," ಎಂದ ಅಪ್ಪ.

"ನಂಗೆ ಕೆಟ್ಟಿಲ್ಲ. ತುಮಕೂರಿಗೆ ಕರ್ಕೊಂಡೋಗಿ ಡಾಕ್ಟರ್‌ಗೆ ತೋರ್ಸು. ಅಲ್ಲೀಗಂಟ ಅವಳ ಕೈ ನೀರು ನಂಗೆ ಬ್ಯಾಡ."

ಹೇಳಿದಂತೆಯೇ ಮಾಡಿದಳು. ತನ್ನ ಪಾಲಿನ ಅನ್ನ ತಾನೇ ಬೇಯಿಸಿಕೊಳ್ಳತೊಡಗಿದಳು. ವರ್ಷಗಟ್ಟಲೆ ಮೆಚ್ಚಿಕೊಂಡು ತಿರುಗಿದ ಕೆಲಸವೇ ಈಗ ಅಮ್ಮನ ಮೇಲಿನ ಸಾಕ್ಷಿಯಾಗಿತ್ತು. ಅಪ್ಪ ಗೊಣಗಿದ, ಅಮ್ಮನಿಗೆ ಏನೂ ಹೇಳಲಿಲ್ಲ. ಹೇಳಲು ಅವನ ಕೈಮಾತು ಸಾಲುತ್ತಲೂ ಇರಲಿಲ್ಲ. ಆದರೆ ನಾನು ಇನ್ನೊಂದನ್ನು ಕಂಡೆ. ಅಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಅಪ್ಪ ಸದ್ದಾಗದ ಹಾಗೆ ಅವಳ ಹಿಂದೆ ಹೋಗಿ ನಿಂತ. "ಪಾರ್ವತೀ," ಎಂದು ಮೆಲ್ಲಗೆ ಕರೆದ. ಅಮ್ಮನ ಹೆಸರು ಅದು. ಅವನ ಬಾಯಲ್ಲಿ ಆ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು, ಕರೆದು ಪ್ರಯೋಜನವಿಲ್ಲದ ಹೆಸರನ್ನು ಯಾರು ಕರೆಯುತ್ತಾರೆ? ಇನ್ನೊಮ್ಮೆ ಕರೆದ, ಸ್ವಲ್ಪ ಜೋರಾಗಿ. ಅಮ್ಮ ಸೀರೆ ಹಿಂಡುತ್ತಲೇ ಇದ್ದಳು. ತಿರುಗಿದವನು ನನ್ನನ್ನು ಕಂಡು ಸುಮ್ಮಸುಮ್ಮನೆ ಕೆಮ್ಮಿದ. ಅವನ ಮುಖದಲ್ಲಿದ್ದದ್ದು ಸಮಾಧಾನವೋ ನಿರಾಸೆಯೋ ನನಗೆ ಗೊತ್ತಾಗಲಿಲ್ಲ. ಅವನನ್ನು ಕಂಡು ನನಗೆ ಸಂಕಟವಾಯಿತು, ಸಿಟ್ಟೂ ಬಂತು.

ಇತ್ತ ಅಮ್ಮನ ಕಡೆಯಿಂದ ಇನ್ನೊಂದು ಅನುಮಾನ ಬೆಳೆಯುತ್ತಿತ್ತು. ಯಾವತ್ತೂ ಬಾಯಿ ಬಿಚ್ಚಿಕೊಂಡು ಮಾತಾಡುತ್ತಿದ್ದ ಅತ್ತೆ ಈಗ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಗಂಗಕ್ಕನ ಕಿವಿಯಲ್ಲಿ ಉಸುರುತ್ತಾಳೆ. ತಾನು ಬಂದರೆ ಮಾತು ನಿಲ್ಲುತ್ತದೆ. ಬೇರೆ ಒಲೆ ಹೂಡಿದ್ದಾಳೆ. ಗಂಡ ಕಣ್ಣಿಗೆ ಕಣ್ಣು ಕೊಡುವುದಿಲ್ಲ. ಅದೇ ವಾರ ಧಾರಾವಾಹಿಯಲ್ಲಿ ಆ ಬಂಗಲೆಗೆ ರೇಷ್ಮೆ ಸೀರೆಯುಟ್ಟ ಹೊಸ ಹುಡುಗಿಯೊಬ್ಬಳು ಬಂದಿದ್ದಳು, ಅಲ್ಲಿಯ ಅತ್ತೆಯೂ ಬಾಯಿಗೆ ಸೆರಗು ಮುಚ್ಚಿ ಪಿಸುಗುಟ್ಟುತ್ತಿದ್ದಳು. ಅಮ್ಮ ತನಗೆ ಕಂಡದ್ದನ್ನು ಕೂಡಿಸಿಕೊಂಡಳು. ಒಂದು ಬೆಳಗ್ಗೆ ನನ್ನನ್ನು ನಡುಮನೆಯ ಕಿಟಕಿಯ ಬೆಳಕಿಗೆ ನಿಲ್ಲಿಸಿಕೊಂಡು ಕೈಯಲ್ಲಿ ಕೇಳಿದಳು.

"ಅಪ್ಪನಿಗೆ ಬೇರೆ ಹೆಂಡತಿ ನೋಡ್ತಿದ್ದಾಳಾ ಅಜ್ಜಿ? ಮಾಯಸಂದ್ರದವಳನ್ನಾ? ನಿಜ ಹೇಳು."

ಅವಳ ಹಿಂದೆ ಮಂಚದ ಮೇಲೆ ಬ್ಯಾಗು ತುಂಬಿ ಕೂತಿತ್ತು. ಅವಳ ಸೀರೆ, ನನ್ನ ಎರಡು ಲಂಗ, ಶಾಲೆ ಪುಸ್ತಕ. ಮಧ್ಯಾಹ್ನದ ಬಸ್ಸಿಗೆ ಶೆಟ್ಟಿಕೆರೆಗೆ, ತವರಿಗೆ, ನೀನೂ ಬರುತ್ತಿದ್ದೀಯ ಎಂದಳು. ಅಳುತ್ತ ಕೈ ಆಡಿಸಿದೆ. ಹೆಂಡತಿ ಗಿಂಡತಿ ಏನಿಲ್ಲ, ನಿನಗೆ ಕಿವಿ ಕೇಳುತ್ತದಂತೆ, ಸುಳ್ಳು ಹೇಳಿಕೊಂಡು ಇದ್ದೀಯಂತೆ, ಕಾಯಿ ಸದ್ದು ಕೇಳದೆ ಹೇಗೆ ಬೇರೆ ಮಾಡುತ್ತೀಯಂತೆ. ಅಮ್ಮನಿಗೆ ಅರ್ಥವಾಗಲಿಲ್ಲ. ನಾನಾ? ಕಿವಿಯಾ? ಯಾರು ಹೇಳಿದ್ದು? ನಾನು ಪಡಸಾಲೆಯ ಟೀವಿಯ ಕಡೆ ಬೆರಳು ತೋರಿಸಿದೆ. ಅದು ಆರಿತ್ತು, ಮೇಲೆ ಕಸೂತಿಯ ಬಟ್ಟೆ ಹೊದಿಸಿತ್ತು. ಅಮ್ಮ ಅದನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ನನ್ನ ರಟ್ಟೆ ಹಿಡಿದು ದರದರ ಅಂಗಳಕ್ಕೆ ಎಳೆದುಕೊಂಡು ಹೋದಳು.

ಅಂಗಳದಲ್ಲಿ ಮೂವರೂ ಇದ್ದರು, ಅಪ್ಪ ಮಚ್ಚಿನೊಂದಿಗೆ, ಅಜ್ಜಿ ಗಂಗಕ್ಕ ಜಗಲಿಯ ಮೇಲೆ. ಅಮ್ಮ ಗುಡ್ಡೆಯಿಂದ ಒಂದು ಕಾಯಿ ಎತ್ತಿ, ಅಲ್ಲಾಡಿಸಿ, ಅಜ್ಜಿಯ ಎರಡು ಕೈಗೆ ಒತ್ತಿದಳು. ಅಜ್ಜಿ ಬೆದರಿ ಹಿಂದೆ ಸರಿಯುವಷ್ಟರಲ್ಲಿ ಅವಳ ಎರಡು ಕಿವಿಯನ್ನೂ ತನ್ನ ಅಂಗೈಯಿಂದ ಬಿಗಿಯಾಗಿ ಮುಚ್ಚಿ ಹಿಡಿದಳು. ಅಲ್ಲಾಡಿಸು ಎಂದು ಗಲ್ಲದಲ್ಲೇ ತೋರಿಸಿದಳು.

"ಏನ್ ಮಾಡ್ತಾಳಪ್ಪೋ ಇವಳು! ಕೊಂದಾಳು ಕಣ್ಲಾ!"

"ಕಾಯಿ ಅಲ್ಲಾಡ್ಸು ಅಂತಾಳೆ ಅಜ್ಜಿ, ಅಷ್ಟೇ," ಎಂದು ನಾನು ಕೂಗಿದೆ. ಕಿವಿ ಮುಚ್ಚಿತ್ತು, ಕೇಳಿತೋ ಇಲ್ಲವೋ. ಅಜ್ಜಿ ಅಲ್ಲಾಡಿಸಿದಳು. ಅವಳ ಮುಖ ಬದಲಾದದ್ದನ್ನು ನಾವೆಲ್ಲ ಕಂಡೆವು. ಮತ್ತೆ ಅಲ್ಲಾಡಿಸಿದಳು. ಅಮ್ಮ ಕೈ ತೆಗೆದಳು.

"ಏನಾಯ್ತು ದೊಡ್ಡವ್ವ?" ಎಂದಳು ಗಂಗಕ್ಕ.

"ಕೈಗೆ ಹೊಡೀತೈತೆ ಕಣೇ," ಎಂದಳು ಅಜ್ಜಿ. "ಒಳಗಿನ ಉಂಡೆ ಅಂಗೈಗೆ ಬಂದು ಹೊಡೀತೈತೆ."

ಅಲ್ಲಿಗೆ ಮುಗಿಯಬೇಕಿತ್ತು. ಧಾರಾವಾಹಿಯಾಗಿದ್ದರೆ ಅಲ್ಲಿಗೆ ಅತ್ತೆ ಸೊಸೆಯನ್ನು ಅಪ್ಪಿಕೊಳ್ಳುತ್ತಿದ್ದಳು, ಪಿಟೀಲು ಶುರುವಾಗುತ್ತಿತ್ತು. ಅಜ್ಜಿ ಕಾಯಿಯನ್ನು ಮಡಿಲಲ್ಲಿಟ್ಟುಕೊಂಡು ಉಸಿರು ಬಿಟ್ಟಳು. ಭಾರ ಇಳಿದವಳ ಹಾಗೆ ಗಂಗಕ್ಕನ ಕಡೆ ತಿರುಗಿ ಹೇಳಿದಳು.

"ಹಂಗಾದ್ರೆ ಇವಳಿಗೆ ಏನೂ ಗೊತ್ತಿಲ್ಲ ಬುಡು."

ಅಮ್ಮ ಅವಳ ಬಾಯನ್ನೇ ನೋಡುತ್ತಿದ್ದಳು. ಗೊತ್ತಿಲ್ಲ ಎಂಬುದನ್ನು ಹಿಡಿದಳು. ನನ್ನನ್ನು ಎಳೆದು ತನಗೂ ಅಜ್ಜಿಗೂ ನಡುವೆ ನಿಲ್ಲಿಸಿದಳು. ನಾನು ಹೇಳಿದ್ದನ್ನೆಲ್ಲ ಹೇಳು, ಒಂದನ್ನೂ ಬಿಡಬೇಡ ಎಂದಳು. ಅವಳ ಕೈ ಆಡಿತು, ನನ್ನ ಬಾಯಿ ಆಡಿತು.

"ನನಗೆ ಕೇಳಲ್ಲ. ಆದರೆ ಗೊತ್ತು. ದಿನಾ ಅದೇ ಮಾತು, ಅದೇ ಮೂತಿ, ಮಾಯಸಂದ್ರದ ಹೆಣ್ಣು, ಹಾಡು, ಹಣೆಬರಹ. ಹತ್ತು ವರ್ಷ ನೋಡಿದರೆ ಯಾರಿಗೆ ಗೊತ್ತಾಗಲ್ಲ? ಮುಖ ಮುಚ್ಚಿಕೊಳ್ಳೋ ಮರ್ಯಾದೆನೂ ನೀವು ಕೊಡಲಿಲ್ಲ."

ಅಮ್ಮನ ಕೈ ನಿಲ್ಲಲಿಲ್ಲ. ಮುಂದಿನದನ್ನು ನೋಡಿ ನಾನು ಅಪ್ಪನ ಕಡೆ ತಿರುಗಿದೆ. ಅಮ್ಮ ನನ್ನ ಭುಜ ಅಲುಗಿಸಿದಳು, ಹೇಳು.

"ಈ ಮಗು ಹುಟ್ಟಿದ ದಿನ ನೀವು ಇದರ ಕಿವಿ ಹತ್ತಿರ ಲೋಟ ಬಡಿದಿರಿ. ಮಗು ಬೆಚ್ಚಿತು. ಆಮೇಲೆ ಎತ್ಕೊಂಡಿರಿ. ಅಲ್ಲೀವರೆಗೆ ಮುಟ್ಟಲಿಲ್ಲ. ನಾನು ಹಾಸಿಗೇಲಿ ಮಲಗಿ ನೋಡ್ತಿದ್ದೆ."

ಈ ಮಗು ಎಂದರೆ ನಾನು. ನನ್ನ ಬಾಯಿಂದಲೇ ಅದು ಹೊರಬಂತು. ಗಂಗಕ್ಕ ಮೆಲ್ಲಗೆ ಎದ್ದು, ಹಾಲು ಉಕ್ಕುತ್ತದೇನೋ ಎಂದುಕೊಂಡು ಹೊರಟುಹೋದಳು. ಅಪ್ಪ ಮಚ್ಚು ಕೆಳಗಿಟ್ಟು ನೆಲ ನೋಡುತ್ತ ಕೂತ. ಅಜ್ಜಿ ನನ್ನ ಮುಖ ನೋಡದೆ ಕೇಳಿದಳು.

"ಹಂಗಾದ್ರೆ ಇಷ್ಟು ವರ್ಷ ಯಾಕೆ ಸುಮ್ಕಿದ್ಲಂತೆ? ಕೇಳು."

ಕೇಳಿದೆ. ಅಮ್ಮ ತಕ್ಷಣ ಉತ್ತರ ಕೊಟ್ಟಳು.

"ಜಗಳ ಆಡೋಕೆ ಈ ಮನೇಲಿ ಯಾರಿಗೆ ನನ್ನ ಮಾತು ಬರ್ತಿತ್ತು? ಇವಳು ದೊಡ್ಡವಳಾಗಲಿ ಅಂತ ಕಾಯ್ತಿದ್ದೆ."

ಅದನ್ನೂ ಹೇಳಿದೆ. ಹೇಳಿ ಮುಗಿಸಿದ ಮೇಲೆ ಅದು ನನಗೆ ತಟ್ಟಿತು. ಮಕ್ಕಳು ದೊಡ್ಡವರಾಗಲಿ ಎಂದು ಎಲ್ಲ ತಾಯಂದಿರೂ ಕಾಯುತ್ತಾರೆ. ನಮ್ಮಮ್ಮ ನನಗಾಗಿ ಕಾದದ್ದು ಇದಕ್ಕೆ. ಹೆಮ್ಮೆ ಪಡಬೇಕೋ ಅಳಬೇಕೋ ತಿಳಿಯಲಿಲ್ಲ. ಅಮ್ಮನ ಮೇಲೂ ಒಂದು ಸಣ್ಣ ಅನುಮಾನ ಅವತ್ತು ಹುಟ್ಟಿತು, ನಾನು ಇವಳಿಗೆ ಮಗಳೋ ಅಥವಾ ಬಾಯಿಯೋ ಎಂದು. ಅದು ಪೂರ್ತಿ ಹೋಗಲು ಬಹಳ ವರ್ಷ ಬೇಕಾಯಿತು.

ಮಧ್ಯಾಹ್ನದ ಬಸ್ಸು ಹೋಯಿತು. ಅಮ್ಮ ಹತ್ತಲಿಲ್ಲ, ಬ್ಯಾಗನ್ನೂ ಬಿಚ್ಚಲಿಲ್ಲ. ಅದನ್ನು ತಂದು ಪಡಸಾಲೆಯ ಬಾಗಿಲ ಪಕ್ಕ ಎಲ್ಲರಿಗೂ ಕಾಣುವ ಹಾಗೆ ಇಟ್ಟಳು. ಹೋಗುತ್ತೀಯಾ ಎಂದು ನಾನು ದಿನಾ ಕೇಳುತ್ತಿದ್ದೆ, ನೋಡೋಣ ಎನ್ನುತ್ತಿದ್ದಳು. ಅಪ್ಪ ಅದರ ಪಕ್ಕ ಹಾದುಹೋಗುವಾಗ ನಿಂತು ನಿಂತು ಹೋಗುತ್ತಿದ್ದ. ಒಂದು ದಿನ ತುರುವೇಕೆರೆಗೆ ಹೋಗಿ ಶಾರದಕ್ಕನ ಗಂಡನ ಹತ್ತಿರ ಕೂತು ಬಂದನೆಂದು ಆಮೇಲೆ ತಿಳಿಯಿತು, ಕೈಮಾತು ಕಲಿಯಲಿಕ್ಕೆ. ಕಲಿತದ್ದು ಅಷ್ಟಕ್ಕಷ್ಟೇ, ಆದರೂ ಹೋಗಿದ್ದ. ಅಜ್ಜಿ ಮಾತ್ರ ಕ್ಷಮೆ ಕೇಳಲಿಲ್ಲ, ಕೇಳುವ ಜಾತಿಯೇ ಅಲ್ಲ. ಬೇರೆ ಒಲೆಯ ಕಲ್ಲುಗಳನ್ನು ಯಾರೂ ಇಲ್ಲದಾಗ ಎತ್ತಿ ಹಿತ್ತಲಿಗೆ ಹಾಕಿದಳು. ಎಲೆಯ ಮುಂದೆ ಬಂದು ಕೂತಳು. ಅಮ್ಮ ಬಡಿಸಿದಳು. ಅಜ್ಜಿ ಸೆರಗನ್ನು ಬಾಯಿಗೆ ಅಡ್ಡ ಹಿಡಿಯುವುದನ್ನು ಬಿಟ್ಟಿದ್ದಳು, ಬಾಯಿ ತೆರೆಯುವುದನ್ನೂ ಬಿಟ್ಟಿದ್ದಳು. ಊಟ ಮೂಕವಾಗಿ ನಡೆಯಿತು. ಅಂಥ ಮೌನ ನಮ್ಮ ಮನೆಯಲ್ಲಿ ಮುಂಚೆ ಇರಲೇ ಇಲ್ಲ, ಕಿವುಡರ ಮನೆ ಮೌನವಾಗಿರುತ್ತದೆ ಎಂದು ಟೀವಿಯವರಿಗೆ ಹೇಳಿದವರಾರೋ. ಹೀಗಿರುವಾಗ ಒಂದು ಸಂಜೆ ಅಜ್ಜಿ ಹೂ ಕಟ್ಟುತ್ತ ನನ್ನನ್ನು ಹತ್ತಿರ ಕರೆದಳು.

"ನಿಮ್ಮಮ್ಮ ಉಪ್ಪು ಅನ್ನೋಕೆ ಹೆಂಗೆ ಕೈ ಮಾಡ್ತಾಳೆ?"

ಬೆರಳ ತುದಿಗಳನ್ನು ಹೆಬ್ಬೆರಳಿಗೆ ಉಜ್ಜಿ ತೋರಿಸಿದೆ.

"ಜಾಸ್ತಿ ಅನ್ನೋಕೆ?"

ತೋರಿಸಿದೆ. ಯಾಕೆ ಅಜ್ಜಿ ಎಂದೆ, ಈಗ ನನಗೂ ಎಲ್ಲದರಲ್ಲೂ ಗುಮಾನಿ.

"ಸುಮ್ಕೆ ಕೇಳ್ದೆ ಕಣೇ, ಹೋಗು."

ಮಾರನೆಯ ಮಧ್ಯಾಹ್ನ ಹುರುಳಿಕಾಳಿನ ಬಸ್ಸಾರು. ಅಮ್ಮ ಬಡಿಸಿ ತಿರುಗಿದಳು. ಅಜ್ಜಿ ಒಂದು ತುತ್ತು ಬಾಯಿಗಿಟ್ಟು, ಅಮ್ಮನ ಸೆರಗಿನ ತುದಿ ಹಿಡಿದು ಎಳೆದಳು. ಅಮ್ಮ ತಿರುಗಿ ನೋಡಿದಳು. ಅಜ್ಜಿ ಎಂಜಲು ಕೈ ಬಿಟ್ಟು ಎಡಗೈ ಎತ್ತಿದಳು. ಬೆರಳು ಉಜ್ಜಿದಳು. ಒರಟಾಗಿ, ತಪ್ಪುತಪ್ಪಾಗಿ, ಸಾರಿನ ಕಡೆ ಮೂತಿ ತಿರುವಿ ಹೇಳಿದಳು. ಉಪ್ಪು ಜಾಸ್ತಿ.

ಅಮ್ಮ ಸೌಟು ಹಿಡಿದುಕೊಂಡೇ ನಿಂತಳು. ಅವಳ ಮುಖ ಕೆಂಪೇರಿತು. ಸೌಟನ್ನು ಠಪ್ಪನೆ ಕೆಳಗಿಟ್ಟು, ಎರಡೂ ಕೈಯಲ್ಲಿ ಶುರು ಮಾಡಿದಳು. ಉಪ್ಪು ಸರಿಯಾಗಿದೆ, ನಿಮ್ಮ ನಾಲಗೆ ಕೆಟ್ಟಿದೆ, ಬೇಕಾದರೆ ಉಣ್ಣಿ, ಬೇಡದಿದ್ದರೆ ನೀವೇ ಮಾಡಿಕೊಳ್ಳಿ. ಅಜ್ಜಿಗೆ ಅದರಲ್ಲಿ ಕಾಲು ಭಾಗವೂ ತಿಳಿದಿರಲಾರದು, ಆದರೆ ಬೈಗುಳ ಎಂದು ತಿಳಿಯಿತು. ಅವಳು ಮತ್ತೆ ಎಡಗೈ ಎತ್ತಿದಳು. ಅಮ್ಮ ಇನ್ನಷ್ಟು ಹತ್ತಿರ ಬಂದು ನಿಂತಳು. ನಾನು ಅಭ್ಯಾಸಬಲದಿಂದ ತಟ್ಟೆ ಬಿಟ್ಟು ಎದ್ದೆ. ಅಜ್ಜೀ, ಅಮ್ಮ ಹೇಳ್ತಿರೋದು ಏನಂದ್ರೆ, ಎಂದು ಬಾಯಿ ತೆರೆದೆ.

ಅಜ್ಜಿ ಅಮ್ಮನ ಕೈ ಮೇಲಿಂದ ಕಣ್ಣು ತೆಗೆಯಲೇ ಇಲ್ಲ.

"ನೀನ್ಯಾಕೆ ಮಧ್ಯ ಬತ್ತೀಯ? ಕೂತ್ಕೊಂಡು ಉಣ್ಣು. ಇದು ನಂಗೂ ಅವಳಿಗೂ ಇರೋದು."

ಕೂತೆ. ಆ ಮನೆಯಲ್ಲಿ ನನಗೆ ಮೊದಲ ಸಲ ಏನೂ ಕೆಲಸವಿರಲಿಲ್ಲ. ಅವರಿಬ್ಬರೂ ನನ್ನ ತಲೆಯ ಮೇಲೆ ಜಗಳವಾಡುತ್ತಿದ್ದರು, ನಾನು ಹೊಟ್ಟೆ ತುಂಬ ಉಂಡೆ.